ಮಾಜಿ ಸೈನಿಕರು ಸ್ವಂತ ಉದ್ಯಮ ಆರಂಭಿಸುವುದು ಹೇಗೆ?

ಸಿಪಾಯಿಯಾಗಿ ಸೇನೆ ಸೇರಿದವರಲ್ಲಿ ಬಹಳಷ್ಟು ಮಂದಿ ನಲವತ್ತರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಮಕ್ಕಳ ಓದು ಇನ್ನೂ ಮುಗಿದಿರುವುದಿಲ್ಲ, ದುಡಿಯುವ ಕಸುವು ಕುಂದಿರುವುದಿಲ್ಲ. ಅದೇ ಹೊತ್ತಿಗೆ ಗ್ರಾಚ್ಯುಟಿ, ಭವಿಷ್ಯ ನಿಧಿ, ಕಮ್ಯುಟೇಶನ್ ಹಣ ಒಟ್ಟಿಗೆ ಖಾತೆಗೆ ಬಂದಿರುತ್ತದೆ. ಪಾಲುದಾರರಾಗುತ್ತೇವೆ ಎನ್ನುವವರು ಮನೆ ಬಾಗಿಲಿಗೆ ಬರತೊಡಗುತ್ತಾರೆ. ಮೊದಲ ಆರು ತಿಂಗಳು ಆ ಹಣವನ್ನು ದಯವಿಟ್ಟು ಮುಟ್ಟಬೇಡಿ. ಕಮ್ಯುಟೇಶನ್ ಎಂದರೆ ನಿಮ್ಮದೇ ಪಿಂಚಣಿಯ ಮುಂಗಡ. ಅದಕ್ಕಾಗಿ ತಿಂಗಳ ಪಿಂಚಣಿಯಲ್ಲಿ ಕಡಿತವಾದ ಭಾಗ ಮತ್ತೆ ಸೇರುವುದು 15 ವರ್ಷಗಳ ನಂತರ.

ಈ ಅವಧಿಯಲ್ಲಿ ಎರಡು ಕೆಲಸ ಮುಗಿಸಿ. ಡಿಸ್ಚಾರ್ಜ್ ಬುಕ್ ಮತ್ತು ಪಿಂಚಣಿ ಆದೇಶದೊಂದಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿಕೊಳ್ಳಿ. ಇನ್ನೊಂದು, ಕಸುಬನ್ನು ಕೈಯಾರೆ ಕಲಿಯಿರಿ. ಎಣ್ಣೆ ಗಾಣ ಹಾಕುವ ಆಸೆಯಿದ್ದರೆ ಬೇರೆ ಊರಿನ ಗಾಣದಲ್ಲಿ ಒಂದೆರಡು ತಿಂಗಳು ದುಡಿಯಿರಿ. ಶೇಂಗಾ ಅಗ್ಗವಾಗುವ ಹಂಗಾಮು ಯಾವುದು, ಕುಸುಬೆ ಎಣ್ಣೆ ಕೇಳುವವರು ಎಷ್ಟು ಜನ, ಹಿಂಡಿ ಯಾರಿಗೆ ಮಾರುತ್ತಾರೆ ಎಂಬುದು ಗಾಣದ ಪಕ್ಕದಲ್ಲಿ ನಿಂತವರಿಗಷ್ಟೇ ತಿಳಿಯುತ್ತದೆ. ಹಿಂಡಿಯ ಆದಾಯ ಬಿಟ್ಟು ಲೆಕ್ಕ ಹಾಕಿದರೆ ಎಣ್ಣೆಯ ಬೆಲೆಯೇ ತಪ್ಪುತ್ತದೆ.

ಇನ್ನು ಬಂಡವಾಳ. ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಮಾಜಿ ಸೈನಿಕರು ಹೆಚ್ಚಿನ ನೆರವು ಸಿಗುವ ವಿಶೇಷ ವರ್ಗಕ್ಕೆ ಸೇರುತ್ತಾರೆ. 2022ರಲ್ಲಿ ಪರಿಷ್ಕರಿಸಿದ ನಿಯಮದಂತೆ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಅವಕಾಶವಿದೆ. ಹಳ್ಳಿಯಲ್ಲಿ 10 ಲಕ್ಷ ರೂಪಾಯಿಯ ಗಾಣ ಹಾಕುತ್ತೀರಿ ಎನ್ನಿ. ನಿಮ್ಮ ಕೈಯಿಂದ ಹಾಕಬೇಕಾದದ್ದು ಶೇ 5, ಅಂದರೆ 50 ಸಾವಿರ. ಉಳಿದದ್ದು ಬ್ಯಾಂಕಿನದು. ಸಹಾಯಧನ ಶೇ 35, ಅಂದರೆ 3.5 ಲಕ್ಷ, ಪಟ್ಟಣದಲ್ಲಾದರೆ ಶೇ 25. ಈ ಸಹಾಯಧನ ನಗದಾಗಿ ಕೈಗೆ ಬರುವುದಿಲ್ಲ. ಮೂರು ವರ್ಷ ನಿಮ್ಮ ಹೆಸರಿನ ಠೇವಣಿಯಲ್ಲಿರುತ್ತದೆ. ಅದಕ್ಕೆ ಬಡ್ಡಿ ಸಿಗುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬ್ಯಾಂಕ್ ಬಡ್ಡಿ ಹಾಕುವುದೂ ಇಲ್ಲ. ಘಟಕ ನಡೆಯುತ್ತಿದೆ ಎಂದು ಪರಿಶೀಲನೆಯಲ್ಲಿ ಕಂಡುಬಂದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆದ್ದರಿಂದ ಮೂರು ವರ್ಷ ನಿಲ್ಲುವ ಕಸುಬನ್ನೇ ಆರಿಸಿಕೊಳ್ಳಿ.

ಜಮೀನಿನ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮಾತ್ರ ಈ ನೆರವು ಸಿಗುತ್ತದೆ. ಮಹಿಳೆಯರೂ ವಿಶೇಷ ವರ್ಗದವರೇ. ನೀವು ದೂರದ ಗಡಿಯಲ್ಲಿದ್ದಾಗ ಮನೆಯ ಲೆಕ್ಕವನ್ನೆಲ್ಲ ನಿಭಾಯಿಸಿದ ಹೆಂಡತಿಯ ಹೆಸರಿನಲ್ಲೇ ಅರ್ಜಿ ಹಾಕುವುದನ್ನೂ ಯೋಚಿಸಿ. ಅರ್ಜಿ ಆನ್‌ಲೈನ್‌ನಲ್ಲಿದೆ. ಸಲ್ಲಿಸುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸದ್ಯದ ನಿಯಮಗಳನ್ನು ಕೇಳಿ ತಿಳಿದುಕೊಳ್ಳಿ.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ, ಮಧ್ಯವರ್ತಿಗೆ ಹಣ ತೆರಬೇಡಿ. ಎಣ್ಣೆ ಆಹಾರ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಪರವಾನಗಿ ಬೇಕು. ಗ್ರಾಮ ಪಂಚಾಯಿತಿಯ ಪರವಾನಗಿಯನ್ನೂ ಪಡೆಯಿರಿ.

ಪಿಂಚಣಿ ಬರುವ ಖಾತೆ ಮನೆಗಿರಲಿ, ವ್ಯಾಪಾರಕ್ಕೆ ಬೇರೆ ಚಾಲ್ತಿ ಖಾತೆ ತೆರೆಯಿರಿ. ಗಾಣ ಶುರುವಾದ ಮೇಲೆ ನೆಂಟರು, ಗೆಳೆಯರು ಉದ್ರಿ ಕೇಳುತ್ತಾರೆ. ಊರಿನವರಿಗೆ ಇಲ್ಲವೆನ್ನುವುದು ಕಷ್ಟ. ಒಬ್ಬರಿಗೆ ಎಷ್ಟು ಲೀಟರ್, ಎಷ್ಟು ದಿನ ಎಂಬುದನ್ನು ಗಾಣ ತಿರುಗುವ ಮೊದಲೇ ಮನೆಯವರೊಂದಿಗೆ ಕುಳಿತು ತೀರ್ಮಾನಿಸಿ, ವಹಿಯ ಮೊದಲ ಪುಟದಲ್ಲಿ ಬರೆದಿಡಿ.