ಅಡಿಕೆ ಮಂಡಿಗೆ ಕೆಲಸಕ್ಕೆ ಸೇರಿದ್ದೀರಾ? ಮೊದಲ ತಿಂಗಳು ಹೀಗಿರಲಿ

ಬಿಕಾಂ ಮುಗಿಸಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗದ ಮಂಡಿಗಳಿಗೆ ಲೆಕ್ಕ ಬರೆಯಲು ಬರುವವರಿಗೆ ಕಂಪ್ಯೂಟರ್ ಕಷ್ಟವಲ್ಲ. ಕಷ್ಟ ಅಡಿಕೆಯದೇ. ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರೂ ಮಂಡಿಯಲ್ಲಿ ಅಡಿಕೆ ನೋಡುವುದನ್ನು ಹೊಸದಾಗಿ ಕಲಿಯಬೇಕು.

ಮೊದಲು ಕಾಗದಪತ್ರ. ನೇಮಕಾತಿ ಪತ್ರ ಕೇಳಿ ಪಡೆಯಿರಿ. ಸಂಬಳ, ರಜೆ, ಪ್ರೊಬೇಷನ್ ಅವಧಿ ಅದರಲ್ಲಿರಲಿ. ಹಿಂದೆ ಬೇರೆಡೆ ಪಿಎಫ್ ಕಟ್ಟಿದ್ದರೆ ಅದೇ 12 ಅಂಕಿಯ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಕೊಡಿ, ಇನ್ನೊಂದು ಮಾಡಿಸಬೇಡಿ. ನಾಮಿನಿ ಹೆಸರನ್ನೂ ಆಗಲೇ ತುಂಬಿಬಿಡಿ.

ಮೊದಲ ವಾರ ಕುರ್ಚಿ ಬಿಟ್ಟು ಗೋದಾಮಿನಲ್ಲಿರಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕೆಂಪಡಿಕೆಯಲ್ಲಿ ಬಗೆಗಳಿವೆ, ಒಂದೊಂದರಲ್ಲೂ ನಾಲ್ಕು ಅಡಿಕೆ ಅಂಗೈಯಲ್ಲಿಟ್ಟುಕೊಂಡು ನೋಡಿ. ಕಾಯಿ ಎಷ್ಟು ಬಲಿತಾಗ ಕೊಯ್ದದ್ದು, ಬೇಯಿಸಿದ್ದು ಹೇಗೆ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹೇಗೆ ಹಿಡಿದಿದೆ, ಬಣ್ಣ ಏನು, ದರ ನಿಲ್ಲುವುದು ಇವುಗಳ ಮೇಲೆ. ಸರಕಿಗೂ ಗೊರಬಲಿಗೂ ಕ್ವಿಂಟಲ್ ದರದಲ್ಲಿ ಅಜಗಜಾಂತರ. ನೀವು ಒಂದು ಪದ ತಪ್ಪಿ ಬರೆದರೆ ಒಂದು ಮನೆಯ ವರ್ಷದ ದುಡಿಮೆಗೇ ಪೆಟ್ಟು. ಅನುಮಾನ ಬಂದರೆ ಹಮಾಲರನ್ನು ಕೇಳಿ. ಚೀಲದೊಳಗೆ ಕೈ ಹಾಕುತ್ತಲೇ ಹಸಿ ಇದೆಯೋ ಒಣಗಿದೆಯೋ ಹೇಳುವವರು ಅವರು. 'ಅಣ್ಣಾ, ಇದು ಯಾಕೆ ಬೆಟ್ಟೆ?' ಎಂದರೆ ಕೆಲಸ ನಿಲ್ಲಿಸಿ ತೋರಿಸಿಕೊಡುತ್ತಾರೆ. ನನಗೆ ಅಡಿಕೆ ಕಲಿಸಿದವರು ಅವರೇ.

ಎರಡನೇ ವಾರ ತಕ್ಕಡಿಯ ಪಕ್ಕ ನಿಲ್ಲಿ. ತೂಕವನ್ನು ರೈತರಿಗೆ ಕೇಳುವಂತೆ ಗಟ್ಟಿಯಾಗಿ ಓದಿ, ಆಮೇಲೆ ಬರೆಯಿರಿ. ಬಿಲ್ಲಿನಲ್ಲಿ ಕಡಿತವಾಗುವ ಪ್ರತಿಯೊಂದು ಬಾಬತ್ತನ್ನೂ ಹಿರಿಯ ಗುಮಾಸ್ತರ ಹತ್ತಿರ ಕೂತು ತಿಳಿದುಕೊಳ್ಳಿ. 'ಇದು ಯಾತರದ್ದಪ್ಪ?' ಎಂದು ರೈತರು ಕೇಳಿಯೇ ಕೇಳುತ್ತಾರೆ. 'ಗೊತ್ತಿಲ್ಲ' ಅನ್ನುವ ಬದಲು 'ಕೇಳಿ ಹೇಳ್ತೀನಿ, ಕೂತ್ಕೊಳ್ಳಿ' ಅನ್ನಿ.

ತಪ್ಪಾದರೆ ಆ ಕ್ಷಣವೇ ಹೇಳಿ. ನಾನು ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ರೈತರ ರಾಶಿಯನ್ನು ಗೊರಬಲು ಎಂದು ಬರೆದೆ. ಬೈಸಿಕೊಳ್ಳುವ ಹೆದರಿಕೆಯಲ್ಲಿ ಮಧ್ಯಾಹ್ನದವರೆಗೆ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಆ ಹಿರಿಯರು ಸಾಗರದ ಬಸ್ಸು ಹತ್ತಿಯಾಗಿತ್ತು. ಬಾಕಿ ಹಣ ಮರುದಿನ ಅವರಿಗೆ ಮುಟ್ಟಿತು. ಆದರೆ ಮಗಳ ಫೀಸು ಕಟ್ಟಲು ಸಾಲದೆ, ಆ ಸಂಜೆ ಅವರು ಊರಿನಲ್ಲಿ ಕೈಗಡ ಕೇಳಿದ್ದರು.

ಮಳೆಗಾಲದಲ್ಲಿ ಸೇರಿದವರು ಬ್ಯಾಗಿನಲ್ಲಿ ಒಂದು ಜೊತೆ ಒಣಬಟ್ಟೆ ಇಟ್ಟುಕೊಳ್ಳಿ. ಘಟ್ಟದ ಬಸ್ಸು ತಡವಾಗುವ ದಿನ ಹೊರಡುವಾಗಲೇ ಫೋನ್ ಮಾಡಿ. ಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚೆ ಸಿಗುವ ಈ ಬಿಡುವಿನಲ್ಲಿ ಹಳೆಯ ಲೆಕ್ಕದ ಪುಸ್ತಕ ತೆಗೆದು, ಯಾವ ಊರಿನಿಂದ ಯಾವ ಮಾಲು ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ.