ಕೊಟ್ಟಿಗೆಯಿಂದ ಹೊಲಕ್ಕೆ: ತಿಪ್ಪೆ ಕಟ್ಟುವುದು ಹೇಗೆ?

ಬೆಳೆಯ ಜೊತೆ ದನ ಸಾಕಿದರೆ ಗೊಬ್ಬರ ತಾನಾಗಿಯೇ ಸಿಗುತ್ತದೆ ಎಂದು ನಂಬಿದವರ ಹಿತ್ತಲಲ್ಲಿ ನಾನು ಹೆಚ್ಚಾಗಿ ಕಂಡದ್ದು ಮಳೆಗೆ ತೊಯ್ಯುವ ಸಗಣಿ ಗುಡ್ಡೆ ಮತ್ತು ಅದರ ಅಡಿಯಿಂದ ಹರಿದುಹೋಗುವ ಕಪ್ಪು ನೀರು. ಗೊಬ್ಬರದ ಸಾರ ಹೋಗುತ್ತಿರುವುದೇ ಆ ನೀರಿನಲ್ಲಿ.

ಮೊದಲು ಮೇವಿನ ಲೆಕ್ಕ. 400 ಕಿಲೋ ತೂಗುವ ಹಸುವಿಗೆ ದಿನಕ್ಕೆ ನೀರಿನಂಶ ಬಿಟ್ಟು 10–12 ಕಿಲೋ ಮೇವು ಬೇಕು. ಅಷ್ಟು ಬೆಳೆಯಲು ಜಾಗವಿಲ್ಲವೆಂದರೆ ಒಂದು ಹಸು ಕಡಿಮೆ ಸಾಕಿ.

ಎರಡನೆಯದು ಗಂಜಲ. ಹಸು ಹೊರಹಾಕುವ ಸಾರಜನಕದ ಸುಮಾರು ಅರ್ಧ, ಪೊಟ್ಯಾಷ್‌ನ ಬಹುಪಾಲು ಅದರಲ್ಲಿದೆ. ನೆಲಕ್ಕೆ ಒಣಹುಲ್ಲು ಹಾಸಿ, ನೆನೆದದ್ದನ್ನು ತಿಪ್ಪೆಗೆ ಹಾಕಿ.

ಇನ್ನು ತಿಪ್ಪೆ. ಎಲ್ಲರೂ ಎಡವುವುದು ಇಲ್ಲಿಯೇ. ಬರೀ ಸಗಣಿ ಪೇರಿಸಿದರೆ ಗಾಳಿಯಾಡದೆ ಕೊಳೆಯುತ್ತದೆ. ಒಂದು ಗೇಣು ಒಣಹುಲ್ಲು, ಅದರ ಮೇಲೆ ನಾಲ್ಕು ಬೆರಳು ಸಗಣಿ, ಹೀಗೆ ಎದೆಮಟ್ಟಕ್ಕೆ ಏರಿಸಿ. ದಂಟುಗಳಿದ್ದರೆ ಕತ್ತರಿಸಿಯೇ ಹಾಕಿ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು. ನೀರು ಧಾರೆಯಾಗಿ ಇಳಿದರೆ ಹುಲ್ಲು ಸೇರಿಸಿ, ಹನಿಯೇ ಬರದಿದ್ದರೆ ನೀರು ಚಿಮುಕಿಸಿ. ಮೇಲೆ ಹೊದಿಕೆ ಇರಲಿ. ಬೇಗ ಕೊಳೆಸುತ್ತದೆಂದು ಮಾರುವ ಪುಡಿಗೆ ದುಡ್ಡು ಸುರಿಯಬೇಡಿ. ಬೇಕಾದ ಸೂಕ್ಷ್ಮಜೀವಿಗಳು ಹಸಿ ಸಗಣಿಯಲ್ಲೇ ಇವೆ.

ಕೆಲವೇ ದಿನಗಳಲ್ಲಿ ಒಳಗೆ 55–65 ಡಿಗ್ರಿ ಸೆಲ್ಸಿಯಸ್ ಬಿಸಿ ಏರಬೇಕು. ಕಬ್ಬಿಣದ ಸಲಾಕೆ ಚುಚ್ಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎಳೆದು ನೋಡಿ. ಹೆಚ್ಚು ಹೊತ್ತು ಹಿಡಿಯಲಾಗದಷ್ಟು ಸುಡುತ್ತಿದ್ದರೆ ಸರಿ. ಕಳೆಬೀಜ ಸಾಯುವುದು ಈ ಬಿಸಿಗೆ. ಆದರೆ ಹೊರಮೈ ತಣ್ಣಗೇ ಇರುತ್ತದಲ್ಲ! ಆದ್ದರಿಂದ ಬಿಸಿ ಇಳಿದಾಗ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಗುಚಬೇಕು. ಮೇಲೆ ಮೇಲೆ ಕೆದಕಿ ಕೈತೊಳೆದುಕೊಂಡವರ ಹೊಲದಲ್ಲಿ ಬೆಳೆಗಿಂತ ಮೊದಲು ಕಳೆ ಏಳುತ್ತದೆ. ಅಮೋನಿಯದ ಘಾಟು ಹೊಡೆದರೆ ಸಾರಜನಕ ಗಾಳಿಗೆ ಹೋಗುತ್ತಿದೆ ಎಂದರ್ಥ, ಹುಲ್ಲು ಬೆರೆಸಿ. ಕೊಳೆತ ಮೊಟ್ಟೆಯ ವಾಸನೆಯೆಂದರೆ ಗಾಳಿ ಸಾಲದು, ಅಂದೇ ಮಗುಚಿ. ಎರಡು ಮೂರು ಸಲ ಮಗುಚಿ, ಮೂರು ನಾಲ್ಕು ತಿಂಗಳು ಬಿಟ್ಟರೆ ಮಣ್ಣಿನ ವಾಸನೆಯ ಪುಡಿಯಾಗುತ್ತದೆ.

ಹೊಲಕ್ಕೆ ಹರಡಿದ ದಿನವೇ ಮಣ್ಣಿಗೆ ಸೇರಿಸಿ.

ಕೊಂಡುತಂದ ಹುಲ್ಲಿನ ಬಗ್ಗೆ ಒಂದು ಮಾತು. ಅಮಿನೋಪೈರಾಲಿಡ್‌ನಂಥ ಕಳೆನಾಶಕ ಹಸುವಿನ ಹೊಟ್ಟೆಯನ್ನೂ ತಿಪ್ಪೆಯ ಬಿಸಿಯನ್ನೂ ದಾಟಿ ಉಳಿಯಬಲ್ಲದು. ಅನುಮಾನವಿದ್ದರೆ ಕುಂಡದಲ್ಲಿ ಆ ಗೊಬ್ಬರ ಬೆರೆಸಿ ನಾಲ್ಕು ಹುರುಳಿಕಾಯಿ ಬೀಜ ಊರಿ. ಎಲೆ ಮುದುಡಿಕೊಂಡು ಹುಟ್ಟಿದರೆ ಆ ಗೊಬ್ಬರ ತರಕಾರಿ ಮಡಿಗೆ ಬೇಡ, ಮೇವಿನ ಹುಲ್ಲಿಗೆ ಹಾಕಿ.