ಮಗುವಿನ ಜೀನ್ ವರದಿಯನ್ನು ಓದುವ ಕ್ರಮ

ಮಗುವಿನ ಮಾತು, ನಡೆ, ಕಲಿಕೆ ವಯಸ್ಸಿಗೆ ತಕ್ಕಂತೆ ಬಾರದಿದ್ದಾಗ ವೈದ್ಯರು ಕೆಲವೊಮ್ಮೆ ಜೀನ್ ಪರೀಕ್ಷೆ ಬರೆದುಕೊಡುತ್ತಾರೆ. ವಾರಗಳ ಬಳಿಕ ಪುಟಗಟ್ಟಲೆ ಇಂಗ್ಲಿಷ್ ವರದಿ ಕೈಗೆ ಬರುತ್ತದೆ. ಮುಳಬಾಗಿಲು ಕಡೆಯ ತಾಯಿಯೊಬ್ಬರು ಅಂಥ ವರದಿಯನ್ನು ತಾಯಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದು, ಮೊದಲ ಪುಟದ ಮೇಲೆ ಬೆರಳಿಟ್ಟು, "ಇದು ನಮ್ಮ ಕಡೆಯಿಂದ ಬಂದಿದ್ದಾ ಸಾರ್, ಅವರ ಕಡೆಯಿಂದಾ?" ಎಂದು ಕೇಳಿದ್ದರು. ಅದಕ್ಕೆ ಉತ್ತರ ವರದಿಯಲ್ಲಿಯೇ ಇತ್ತು. ಆದರೆ ಅದಕ್ಕೂ ಮೊದಲು ನೋಡಬೇಕಾದದ್ದು ಬೇರೆ ಇದೆ.

ಮೊದಲು ಜೀನಿನ ಹೆಸರನ್ನು ಗುರುತಿಸಿ, ಮಿದುಳು ರೂಪುಗೊಳ್ಳುವ ಯಾವ ಹಂತದಲ್ಲಿ ಅದರ ಕೆಲಸ ಎಂದು ವೈದ್ಯರನ್ನು ಕೇಳಿ. ಎಎಸ್‌ಪಿಎಂ ಜೀನಿನ ಕೆಲಸ ತೀರಾ ಆರಂಭದ್ದು: ನರಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು ಸಮನಾಗಿ ಒಡೆದು ಹೆಚ್ಚಲು ಅದು ಬೇಕು. ಅದು ಕೆಟ್ಟರೆ ಮೂಲಕೋಶಗಳ ಸಂಖ್ಯೆ ಕುಗ್ಗಿ, ಮಗು ಹುಟ್ಟುವಾಗಲೇ ತಲೆ ಚಿಕ್ಕದಾಗಿರುತ್ತದೆ. ಹುಟ್ಟಿದ ನರಕೋಶಗಳು ಮಿದುಳಿನ ಒಳಭಾಗದಿಂದ ಹೊರಪದರಕ್ಕೆ, ನೀಲಗಿರಿ ಕಡ್ಡಿ ಹಿಡಿದು ಬೀನ್ಸ್ ಬಳ್ಳಿ ಹತ್ತುವಂತೆ, ಆಸರೆಕೋಶಗಳ ಉದ್ದನೆಯ ಎಳೆಗಳನ್ನು ಹಿಡಿದು ಸಾಗಬೇಕು. ಡಿಸಿಎಕ್ಸ್ ಜೀನ್ ಕೆಟ್ಟಾಗ ಕಡ್ಡಿ ನೆಟ್ಟಗೇ ಇರುತ್ತದೆ, ಹತ್ತುವ ಶಕ್ತಿ ಬಳ್ಳಿಗಿರುವುದಿಲ್ಲ. ಗಂಡುಮಕ್ಕಳಲ್ಲಿ ಮಿದುಳಿನ ಮಡಿಕೆಗಳು ಮೂಡದೆ ಮೇಲ್ಮೈ ನುಣುಪಾಗಿ ಉಳಿಯುತ್ತದೆ, ಹೆಣ್ಣುಮಕ್ಕಳಲ್ಲಿ ಹೊರಪದರದ ಕೆಳಗೆ ಮತ್ತೊಂದು ಪಟ್ಟಿ ಕಾಣುತ್ತದೆ, ಇಬ್ಬರಲ್ಲೂ ಫಿಟ್ಸ್ ಸಾಮಾನ್ಯ. ಇದನ್ನು ಎಂಆರ್‌ಐ ತೋರಿಸುತ್ತದೆ.

ಎಂಇಸಿಪಿ2 ಹಾಗಲ್ಲ. ನರಕೋಶಗಳು ಹುಟ್ಟಿ, ತಮ್ಮ ಜಾಗ ಸೇರಿದ ಮೇಲೆ, ಅವುಗಳ ನಡುವಿನ ಸಂಪರ್ಕ ಬಲಿಯುವ ಹಂತದಲ್ಲಿ ಅದರ ಅಗತ್ಯ ಹೆಚ್ಚು. ಆದ್ದರಿಂದಲೇ ಈ ಜೀನ್ ಕೆಟ್ಟು ಬರುವ ರೆಟ್ ಕಾಯಿಲೆಯ ಹೆಣ್ಣುಮಗು ಮೊದಲ 6ರಿಂದ 18 ತಿಂಗಳು ಚೆನ್ನಾಗಿಯೇ ಬೆಳೆದು, ಆಮೇಲೆ ಕಲಿತ ಮಾತನ್ನೂ ಕೈಯ ಹಿಡಿತವನ್ನೂ ಕಳೆದುಕೊಳ್ಳುತ್ತದೆ. 2007ರಲ್ಲಿ ವಿಜ್ಞಾನಿ ಏಡ್ರಿಯನ್ ಬರ್ಡ್ ಅವರ ತಂಡ ಇಲಿಗಳಲ್ಲಿ ಈ ಜೀನನ್ನು ಮತ್ತೆ ಚಾಲೂ ಮಾಡಿದಾಗ ಲಕ್ಷಣಗಳು ಬಹುಮಟ್ಟಿಗೆ ಹಿಂದೆಗೆದವು. ಅಂದರೆ ಅಲ್ಲಿ ನರಕೋಶಗಳು ಸತ್ತಿರಲಿಲ್ಲ. ಮನುಷ್ಯರಿಗೆ ಇದು ಇನ್ನೂ ಚಿಕಿತ್ಸೆಯಾಗಿ ಬಂದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಎರಡನೆಯದಾಗಿ, ಜೀನಿನಲ್ಲಿ ಕಂಡ ವ್ಯತ್ಯಾಸದ ದರ್ಜೆಯನ್ನು ನೋಡಿ. ದರ್ಜೆಗಳು ಐದು, ರೋಗಕಾರಕದಿಂದ ನಿರುಪದ್ರವಿಯವರೆಗೆ. ನಡುವಿನದು ವಿಯುಎಸ್, ಅಂದರೆ ಅರ್ಥ ಇನ್ನೂ ಖಚಿತವಾಗದ ವ್ಯತ್ಯಾಸ. ಅದೊಂದನ್ನೇ ನಂಬಿ ಗರ್ಭದ ವಿಚಾರದಲ್ಲಾಗಲಿ, ಮದುವೆಯ ವಿಚಾರದಲ್ಲಾಗಲಿ ತೀರ್ಮಾನಕ್ಕೆ ಬರಬಾರದು. ವರದಿಯಲ್ಲಿ ಏನೂ ಸಿಗಲಿಲ್ಲ ಎಂದಿದ್ದರೂ ಎಲ್ಲವನ್ನೂ ನೋಡಿದಂತಾಗುವುದಿಲ್ಲ. ಬುದ್ಧಿ ಬೆಳವಣಿಗೆ ಕುಂಠಿತವಾಗಲು ಪ್ರಮುಖ ಕಾರಣವಾದ ಫ್ರಜೈಲ್ ಎಕ್ಸ್ ಕಾಯಿಲೆಯಲ್ಲಿ ಎಫ್‌ಎಂಆರ್1 ಜೀನಿನೊಳಗೆ ಸಿಜಿಜಿ ಎಂಬ ಡಿಎನ್‌ಎ ಮೂರಕ್ಷರ 200ಕ್ಕೂ ಹೆಚ್ಚು ಬಾರಿ ಪುನರಾವರ್ತನೆಯಾಗಿರುತ್ತದೆ. ಜೀನುಗಳಲ್ಲಿ ಪ್ರೋಟೀನ್ ತಯಾರಿಕೆಯ ಭಾಗಗಳನ್ನಷ್ಟೇ ಓದುವ ಸಾಮಾನ್ಯ ಎಕ್ಸೋಮ್ ಪರೀಕ್ಷೆ ಇದನ್ನು ಹಿಡಿಯುತ್ತದೆಂದು ಭರವಸೆಯಿಡುವಂತಿಲ್ಲ, ಪ್ರತ್ಯೇಕ ಪರೀಕ್ಷೆಯೇ ಬೇಕು. ಇಷ್ಟೆಲ್ಲ ಖರ್ಚಿಗೆ ಮೊದಲೇ ಕಿವಿಯ ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ನೋಡಿಕೊಳ್ಳಿ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಅವರ ವರದಿಯಲ್ಲಿ ಎಎಸ್‌ಪಿಎಂ ಹೆಸರಿನ ಮುಂದೆ 'ಹೋಮೋಜೈಗಸ್' ಎಂದಿತ್ತು: ಕೆಟ್ಟ ಪ್ರತಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅವರದು ಸೋದರಮಾವನೊಂದಿಗಿನ ಮದುವೆ. ಅಕ್ಕನ ಮಗಳನ್ನು ಮದುವೆಯಾದಾಗ, ಹುಟ್ಟುವ ಮಗುವಿನ ಯಾವುದೇ ಜೀನಿನ ಎರಡೂ ಪ್ರತಿಗಳು ಒಬ್ಬರೇ ಪೂರ್ವಿಕರಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆಯ ಅಥವಾ ಮಾವನ ಮಕ್ಕಳನ್ನು ಮದುವೆಯಾದಾಗ 16ರಲ್ಲಿ 1. ತಪ್ಪು ಒಂದೇ ಕಡೆಯದೆಂದು ಸೊಸೆಯ ಮೇಲೆ ಹೊರಿಸುವುದಕ್ಕೆ ಇಲ್ಲಿ ಆಧಾರವಿಲ್ಲ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇರುವುದರಿಂದ ಮುಂದಿನ ಪ್ರತಿ ಗರ್ಭಕ್ಕೂ ಶೇ 25ರ ಅಪಾಯ ಹೊಸದಾಗಿಯೇ ಇರುತ್ತದೆ. ಒಂದು ಮಗುವಿಗೆ ಬಂದುಹೋಯಿತು, ಇನ್ನು ಮೂರಕ್ಕೆ ಬಾರದು ಎಂಬ ಲೆಕ್ಕ ತಪ್ಪು. ಹೀಗಾಗಿ ತಂದೆತಾಯಿಯರ ರಕ್ತವನ್ನೂ ಪರೀಕ್ಷಿಸಿ, ಮುಂದಿನ ಗರ್ಭಕ್ಕೆ ಮೊದಲೇ ಜೆನೆಟಿಕ್ ಕೌನ್ಸೆಲರ್ (ಆನುವಂಶಿಕ ಕಾಯಿಲೆಗಳ ಸಲಹೆಗಾರ) ಅವರನ್ನು ಕಾಣಬೇಕು.

ಫಿಸಿಯೋಥೆರಪಿ ಮತ್ತು ಮಾತಿನ ತರಬೇತಿಯನ್ನು ವರದಿಗಾಗಿ ಕಾಯದೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ ಶುರುಮಾಡಿ. ಪ್ರಯೋಗಾಲಯದಿಂದ ಮುದ್ರಿತ ವರದಿಯ ಜೊತೆಗೆ ಮೂಲ ದತ್ತಾಂಶದ ಕಡತವನ್ನೂ ಕೇಳಿ ಪಡೆದು, ವಿಯುಎಸ್ ಇದ್ದರೆ ಒಂದೆರಡು ವರ್ಷಗಳ ನಂತರ ಅದನ್ನೇ ಮರುವಿಶ್ಲೇಷಣೆಗೆ ಕೊಡಿ.